ಲಿಂಗಧಾರಣೆಯೋ, ಲಿಂಗಪತ್ತೆಯೋ?



‘ಲಿಂಗ’ವೆಂಬ ಶಬ್ದಕ್ಕೆ ನಿಘಂಟುಕಾರರು ‘ಚಿಹ್ನೆ’, ‘ಕುರುಹು’ ಎಂದು ಅರ್ಥ ಹೇಳುತ್ತಾರೆ. ಹೆಣ್ಣಿನ ದೇಹವನ್ನು ಗಂಡಿನ ದೇಹದಿಂದ ಬೇರ್ಪಡಿಸುವ ಕುರುಹೂ ಲಿಂಗವೆನಿಸುತ್ತದೆ. ಹೆಣ್ಣು ಗಂಡೆಂಬ ಭೇದವೇ ಇಲ್ಲದ ಪರಶಿವನ ಕುರುಹೂ ಲಿಂಗವೆನಿಸುತ್ತದೆ. ಒಂದು ಮಾಂಸಪಿಂಡದ ಗುರುತು. ಇನ್ನೊಂದು ಚೈತನ್ಯದ ಗುರುತು. ನಮ್ಮ ಪೂರ್ವಿಕರು ತಾಯಿಯ ಗರ್ಭದಲ್ಲಿರುವ ಶಿಶುವಿಗೆ ಚೈತನ್ಯದ ಲಿಂಗವನ್ನು ಧಾರಣೆ ಮಾಡಿಸಿದರು. ಇಂದು ನಮ್ಮ ನಡುವೆಯೇ ಕೆಲವರು ಅದೇ ಗರ್ಭದಲ್ಲಿ ಮಾಂಸದ ಲಿಂಗವನ್ನು ಯಂತ್ರವಿಟ್ಟು ಹುಡುಕಿಸುತ್ತಿದ್ದಾರೆ. ಲಿಂಗಧಾರಣೆ ಮಾಡಿಸಬೇಕಾದ ಮನೆ ಲಿಂಗಪತ್ತೆ ಮಾಡಿಸುವ ಮನೆಯಾದರೆ ಆ ಮನೆಗೆ ಉಳಿದ ಧರ್ಮವಾವುದು? ಇದೇ ಇಂದಿನ ವಿಚಾರ.

ಮೊದಲು ಸಂಸ್ಕಾರದ ಸ್ವರೂಪವನ್ನು ನೋಡೋಣ. ಗರ್ಭವು ಎಂಟನೆಯ ತಿಂಗಳಿಗೆ ಬಂದಾಗ ಗುರುವು ತಾಯಿಯ ಮೂಲಕ ಶಿಶುವಿಗೆ ಲಿಂಗವನ್ನು ಅನುಗ್ರಹಿಸುವ ಸಂಪ್ರದಾಯ ನಮ್ಮಲ್ಲಿದೆ. ತಾಯಿಯು ತನ್ನ ಇಷ್ಟಲಿಂಗದೊಡನೆ ಶಿಶುವಿನ ಲಿಂಗವನ್ನೂ ಧರಿಸಿಕೊಂಡಿದ್ದು, ಪ್ರಸವಾನಂತರ ಅದನ್ನು ಮಗುವಿಗೆ ಕಟ್ಟುತ್ತಾಳೆ. ಕೆಲವು ಮನೆತನಗಳಲ್ಲಿ ಈ ಸಂಸ್ಕಾರವು ಜನನವಾದ ಬಳಿಕವೇ ನಡೆಯುವುದುಂಟು. ವಾಡಿಕೆ ಹೇಗಾದರೂ ಇರಲಿ, ಇದರಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಮನಗಾಣಬೇಕು. ಲಿಂಗವನ್ನು ಕೊಡುವ ಗುರುವು ‘ಒಳಗಿರುವುದು ಹೆಣ್ಣೋ ಗಂಡೋ’ ಎಂದು ಕೇಳುವುದಿಲ್ಲ. ಹೆಣ್ಣಿಗೊಂದು, ಗಂಡಿಗೊಂದು ಎಂದು ಎರಡು ಬಗೆಯ ಲಿಂಗಗಳಿಲ್ಲ. ವಿಭೂತಿಯಲ್ಲಿ ಭೇದವಿಲ್ಲ, ರುದ್ರಾಕ್ಷಿಯಲ್ಲಿ ಭೇದವಿಲ್ಲ, ಮಂತ್ರದಲ್ಲಿ ಭೇದವಿಲ್ಲ. ಗುರುವು ಕೇಳದ ಪ್ರಶ್ನೆಯನ್ನು ಕೇಳುವ ಅಧಿಕಾರ ಗಂಡನಿಗೆಲ್ಲಿಂದ ಬಂದಿತು? ಅತ್ತೆಗೆಲ್ಲಿಂದ ಬಂದಿತು?

ಬಾಲಕ ಬಸವಣ್ಣನವರು ಉಪನಯನವನ್ನು ನಿರಾಕರಿಸಿದ ಕಥೆ ನಮ್ಮ ಮನೆಮನೆಗೂ ತಿಳಿದಿರುವುದಷ್ಟೆ. ‘ಅಕ್ಕ ನಾಗಮ್ಮನಿಗೆ ಇಲ್ಲದ ಸಂಸ್ಕಾರ ನನಗೇಕೆ?’ ಎಂಬುದೇ ಆ ನಿರಾಕರಣೆಯ ಕಾರಣವೆಂದು ಐತಿಹ್ಯವು ಹೇಳುತ್ತದೆ. ಅಂದರೆ ಈ ಧರ್ಮದ ಮೊದಲ ಹೆಜ್ಜೆಯೇ ಹೆಣ್ಣುಮಗಳೊಬ್ಬಳ ಪರವಾಗಿ ಇಟ್ಟ ಹೆಜ್ಜೆ. ಆ ನಾಗಮ್ಮನ ಗರ್ಭದಲ್ಲಿಯೇ ಷಟ್ಸ್ಥಲಜ್ಞಾನಿ ಚೆನ್ನಬಸವಣ್ಣನವರು ಅವತರಿಸಿದರು. ದೇವರ ದಾಸಿಮಯ್ಯಗಳಾದರೋ, ದೇಹದ ಮೇಲಣ ಚಿಹ್ನೆಗಳನ್ನು ಕಂಡು ಲೋಕವು ಹೆಣ್ಣು ಗಂಡೆಂದು ಹೆಸರಿಡುತ್ತದೆ, ಒಳಗಿರುವ ಆತ್ಮಕ್ಕೆ ಆ ಹೆಸರು ಅಂಟುವುದಿಲ್ಲವೆಂದು ಸ್ಪಷ್ಟವಾಗಿ ಬೋಧಿಸಿದರು. ಇಂತಹ ಬೋಧೆಯನ್ನು ಎಂಟು ನೂರು ವರ್ಷಗಳಿಗೂ ಹಿಂದೆ ಪಡೆದ ನಾವು ಇಂದು ಎಲ್ಲಿ ನಿಂತಿದ್ದೇವೆ?

ದೂರ ಹೋಗಬೇಕಾಗಿಲ್ಲ, ನಮ್ಮ ಜಿಲ್ಲೆಯನ್ನೇ ನೋಡಿರಿ. ಮದ್ದೂರಿನ ಮಗ್ಗುಲಲ್ಲಿರುವ ಈ ಶಿವಪುರದಲ್ಲಿ ೧೯೩೮ರ ಏಪ್ರಿಲ್ ತಿಂಗಳಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಮೈಸೂರು ಕಾಂಗ್ರೆಸ್ಸಿನ ಅಧಿವೇಶನದಲ್ಲಿ, ಸರ್ಕಾರದ ನಿಷೇಧಾಜ್ಞೆಯನ್ನು ಮೀರಿ ಜನರು ರಾಷ್ಟ್ರಧ್ವಜವನ್ನು ಏರಿಸಿದರು. ಅದರ ನೆನಪಿಗೆ ಕಟ್ಟಿದ ಸೌಧವನ್ನು ಹೆದ್ದಾರಿಯಲ್ಲಿ ಹೋಗುವವರೆಲ್ಲ ಕಾಣುತ್ತಾರೆ. ಅಂದು ಆಜ್ಞೆಯನ್ನು ಮೀರಿದವರು ಹಗಲಿನಲ್ಲಿ, ಸಾವಿರಾರು ಜನರ ಕಣ್ಣೆದುರಿಗೆ, ಶಿಕ್ಷೆಯನ್ನು ತಾವೇ ಹೊರುತ್ತೇವೆಂದು ಎದೆಯೊಡ್ಡಿ ಮೀರಿದರು. ಅದು ಸತ್ಯಾಗ್ರಹ.

೨೦೨೩ರಲ್ಲಿ ಇದೇ ಜಿಲ್ಲೆಯ ಹೆಸರು ಇನ್ನೊಂದು ಕಾರಣಕ್ಕೆ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಒಂದು ಜಾಲವನ್ನು ಪತ್ತೆಹಚ್ಚಿದರು. ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಗುಟ್ಟಾಗಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಗರ್ಭಿಣಿಯರನ್ನು ಪರೀಕ್ಷಿಸಿ, ಹೆಣ್ಣೆಂದು ತಿಳಿದರೆ ಮೈಸೂರಿಗೆ ಕರೆದೊಯ್ದು ಗರ್ಭವನ್ನು ತೆಗೆಸುತ್ತಿದ್ದರೆಂಬುದು ಆರೋಪ. ಕೆಲವೇ ವರ್ಷಗಳಲ್ಲಿ ಇಂತಹ ಗರ್ಭಪಾತಗಳು ಸುಮಾರು ೯೦೦ ನಡೆದವೆಂದು ಪೊಲೀಸರು ಅಂದು ತಿಳಿಸಿದರು. ಮುಂದೆ ತನಿಖೆಯು ಸಿ.ಐ.ಡಿ.ಗೆ ಹೋಯಿತು. ೨೦೨೪ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಆಸ್ಪತ್ರೆಯ ನೌಕರರ ವಸತಿಗೃಹದಲ್ಲಿಯೇ ಇಂತಹದೇ ಕೃತ್ಯ ನಡೆಯುತ್ತಿತ್ತೆಂದು ಮತ್ತೊಂದು ಪ್ರಕರಣ ಹೊರಬಿದ್ದಿತು. ಆರೋಪಿಗಳ ದೋಷ ನಿರ್ದೋಷಗಳನ್ನು ನ್ಯಾಯಾಲಯ ನಿರ್ಣಯಿಸಲಿ. ನಮ್ಮ ಪ್ರಶ್ನೆ ಬೇರೆ. ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆಗೆ ಆ ತಾಯಂದಿರನ್ನು ಕರೆದುಕೊಂಡು ಹೋದವರು ಯಾರು? ಹಣವನ್ನು ಎಣಿಸಿಕೊಟ್ಟವರು ಯಾರು? ಯಂತ್ರವನ್ನಿಟ್ಟವರು ಕೆಲವರೇ ಇರಬಹುದು. ಬಾಗಿಲು ತಟ್ಟಿದವರು ಗೃಹಸ್ಥರು.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ‘ಇದಕ್ಕೆಲ್ಲ ಗರ್ಭಪಾತದ ಕಾಯ್ದೆಯೇ ಮೂಲ. ಜೀವಹತ್ಯೆ ಯಾವಾಗಲೂ ಜೀವಹತ್ಯೆಯೇ. ಆದುದರಿಂದ ಗರ್ಭಪಾತವನ್ನು ಸರ್ವಥಾ ನಿಷೇಧಿಸಿದರೆ ಧರ್ಮ ಉಳಿಯುತ್ತದೆ’ ಎಂದು ಕೆಲವು ಸಜ್ಜನರು ಹೇಳುವುದುಂಟು. ಅವರ ಹೃದಯದಲ್ಲಿರುವ ದಯೆಯನ್ನು ನಾವು ಗೌರವಿಸಬೇಕು. ಪರದೇಶಗಳಲ್ಲಿ ಇದೊಂದು ದೊಡ್ಡ ರಾಜಕೀಯ ವಿವಾದವಾಗಿ ಬೆಳೆದಿದೆ. ಒಂದು ಪಕ್ಷದವರು ತಮ್ಮನ್ನು ‘ಜೀವಪರ’ರೆಂದು ಕರೆದುಕೊಳ್ಳುತ್ತಾರೆ, ಇನ್ನೊಂದು ಪಕ್ಷದವರು ನಿರ್ಣಯವು ತಾಯಿಗೇ ಸೇರಿದ್ದೆನ್ನುತ್ತಾರೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೭೩ರಲ್ಲಿ ಗರ್ಭಪಾತವನ್ನು ಸಂವಿಧಾನದತ್ತವಾದ ಹಕ್ಕೆಂದು ಮನ್ನಿಸಿತು. ೨೦೨೨ರ ಜೂನ್ ತಿಂಗಳಲ್ಲಿ ಆ ತೀರ್ಪನ್ನು ತಾನೇ ತೆಗೆದುಹಾಕಿ ವಿಷಯವನ್ನು ಅಲ್ಲಿನ ರಾಜ್ಯಗಳಿಗೆ ಬಿಟ್ಟಿತು. ಚುನಾವಣೆಯ ಗೆಲುವು ಸೋಲುಗಳೂ ಈ ಮಾತಿನ ಮೇಲೆ ನಿಂತಿವೆ.

ಆದರೆ ಸರ್ವಥಾ ನಿಷೇಧವು ಏನು ಮಾಡಬಲ್ಲದೆಂಬುದನ್ನು ತಿಳಿಯಲು ನಾವು ಪರರ ಕಥೆಯನ್ನು ಕೇಳಬೇಕಾಗಿಲ್ಲ. ನಮ್ಮ ಕನ್ನಡನಾಡಿನ ಮಗಳೊಬ್ಬಳ ಕಥೆಯೇ ಅದನ್ನು ಹೇಳುತ್ತದೆ. ಬೆಳಗಾವಿಯಲ್ಲಿ ಬೆಳೆದ ಸವಿತಾ ಹಾಲಪ್ಪನವರ ಎಂಬ ದಂತವೈದ್ಯೆ ಪತಿಯೊಡನೆ ಐರ್ಲೆಂಡ್ ದೇಶದ ಗಾಲ್ವೇ ನಗರದಲ್ಲಿ ನೆಲೆಸಿದ್ದರು. ಆ ದೇಶವು ೧೯೮೩ರಲ್ಲಿ ತನ್ನ ಸಂವಿಧಾನವನ್ನು ತಿದ್ದಿ, ಗರ್ಭಸ್ಥ ಶಿಶುವಿನ ಪ್ರಾಣವೂ ತಾಯಿಯ ಪ್ರಾಣವೂ ಸಮಾನವೆಂದು ವಿಧಿಸಿಕೊಂಡಿದ್ದಿತು. ೨೦೧೨ರ ಅಕ್ಟೋಬರ್ ೨೧ರಂದು, ಹದಿನೇಳು ವಾರಗಳ ಗರ್ಭಿಣಿಯಾಗಿದ್ದಾಗ, ಸವಿತಾ ಅವರು ನೋವಿನಿಂದ ಆಸ್ಪತ್ರೆಗೆ ಸೇರಿದರು. ಅದು ಅವರು ಬಯಸಿ ಹೊತ್ತ ಗರ್ಭ. ಅದು ಉಳಿಯಲಾರದೆಂದು ವೈದ್ಯರಿಗೆ ತಿಳಿದಿತ್ತು. ಆದರೂ ಭ್ರೂಣದ ಹೃದಯ ಇನ್ನೂ ಮಿಡಿಯುತ್ತಿದ್ದುದರಿಂದ, ಗರ್ಭವನ್ನು ತೆಗೆದು ತನ್ನನ್ನು ಉಳಿಸಿರೆಂಬ ಅವರ ಬೇಡಿಕೆಯನ್ನು ಒಪ್ಪಲಿಲ್ಲ. ನಂಜು ರಕ್ತಕ್ಕೇರಿತು, ಅದನ್ನು ಸಕಾಲದಲ್ಲಿ ಗುರುತಿಸುವುದರಲ್ಲಿಯೂ ಲೋಪಗಳಾದವೆಂದು ಮುಂದಿನ ವಿಚಾರಣೆಗಳು ತಿಳಿಸಿದವು. ಅಕ್ಟೋಬರ್ ೨೮ರಂದು, ತಮ್ಮ ೩೧ನೆಯ ವಯಸ್ಸಿನಲ್ಲಿ, ಅವರು ಪ್ರಾಣ ಬಿಟ್ಟರು. ಮಗುವೂ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ.

ಅವರ ಸಾವು ಆ ದೇಶದ ಮನಸ್ಸಾಕ್ಷಿಯನ್ನು ಅಲುಗಿಸಿತು. ೨೦೧೩ರಲ್ಲಿ ತಾಯಿಯ ಪ್ರಾಣಾಪಾಯದ ಸಂದರ್ಭಕ್ಕೆಂದು ಒಂದು ಕಾಯ್ದೆ ಬಂದಿತು. ೨೦೧೮ರ ಮೇ ೨೫ರಂದು ನಡೆದ ಜನಮತಗಣನೆಯಲ್ಲಿ ನೂರಕ್ಕೆ ೬೬ಕ್ಕೂ ಮಿಗಿಲಾದ ಮತದಾರರು ೧೯೮೩ರ ಆ ತಿದ್ದುಪಡಿಯನ್ನು ತೆಗೆದುಹಾಕಿರೆಂದು ಮತ ಕೊಟ್ಟರು. ಆ ಮತದಾನಕ್ಕೆ ಮುನ್ನ ಮಗಳನ್ನು ಕಳೆದುಕೊಂಡ ತಂದೆ ಬೆಳಗಾವಿಯಿಂದಲೇ ಆ ದೇಶದ ಜನರಿಗೆ ವಿಜ್ಞಾಪನೆ ಮಾಡಿಕೊಂಡಿದ್ದರು. ‘ಜೀವಪರ’ವೆಂಬ ಹೆಸರಿನ ವಿಧಿಯೇ ಒಂದು ಜೀವಕ್ಕೆ ಅಡ್ಡಬಂದಿತೆಂಬುದು ಇದರಿಂದ ವಿದಿತವಾಗುತ್ತದೆ. ಬಸವಣ್ಣನವರು ಧರ್ಮದ ಬುಡವನ್ನು ದಯೆಯಲ್ಲಿ ನಿಲ್ಲಿಸಿದರೇ ಹೊರತು ವಿಧಿಯಲ್ಲಿ ನಿಲ್ಲಿಸಲಿಲ್ಲ. ದಯೆ ಬತ್ತಿದ ವಿಧಿಯು ಎಷ್ಟೇ ಪವಿತ್ರವಾದ ಹೆಸರನ್ನು ಹೊತ್ತಿದ್ದರೂ ಅದು ಒಣಗಿದ ಕೊರಡು. ನಮ್ಮ ದೇಶದ ಪ್ರಾಚೀನ ವೈದ್ಯರೂ ಇದನ್ನು ಅರಿತಿದ್ದರು. ಸುಶ್ರುತಸಂಹಿತೆಯು ಮೂಢಗರ್ಭದ ಚಿಕಿತ್ಸೆಯನ್ನು ಪ್ರತ್ಯೇಕವಾಗಿ ನಿರೂಪಿಸಿ, ಗರ್ಭವು ಒಳಗೇ ಮೃತವಾದಾಗ ಕ್ಷಣಕಾಲವೂ ಉಪೇಕ್ಷೆ ಮಾಡದೆ ತೆಗೆದು ತಾಯಿಯನ್ನು ಕಾಪಾಡಬೇಕೆಂದು ವಿಧಿಸುತ್ತದೆ.

ನಮ್ಮ ದೇಶದ ಕಾಯ್ದೆಯಾದರೂ ಏನು ಹೇಳುತ್ತದೆಂಬುದನ್ನು ಗೃಹಸ್ಥರು ತಿಳಿದಿರಬೇಕು. ೧೮೬೦ರ ದಂಡಸಂಹಿತೆಯು ಗರ್ಭಪಾತವನ್ನು ಅಪರಾಧವೆಂದಿತ್ತು. ಕದ್ದುಮುಚ್ಚಿ ನಾಟಿ ಉಪಾಯಗಳಿಗೆ ಶರಣಾಗಿ ಅಸಂಖ್ಯಾತ ತಾಯಂದಿರು ಸಾಯುತ್ತಿದ್ದುದನ್ನು ಕಂಡು, ಶಾಂತಿಲಾಲ್ ಷಾ ಸಮಿತಿಯ ೧೯೬೬ರ ವರದಿಯ ತಳಹದಿಯ ಮೇಲೆ, ೧೯೭೧ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ರಚಿತವಾಯಿತು. ೨೦೨೧ರ ತಿದ್ದುಪಡಿಯ ಬಳಿಕ, ಇಪ್ಪತ್ತು ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ, ಅತ್ಯಾಚಾರಕ್ಕೊಳಗಾದವರೇ ಮೊದಲಾದ ಕೆಲವರಿಗೆ ಇಪ್ಪತ್ತುನಾಲ್ಕು ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ, ಕಾಯ್ದೆಯು ಒಪ್ಪುವ ಕಾರಣಗಳಿಗೆ ಗರ್ಭವನ್ನು ತೆಗೆಯಬಹುದು. ತಾಯಿಯ ಪ್ರಾಣವನ್ನು ತತ್‌ಕ್ಷಣ ಉಳಿಸಬೇಕಾದಾಗ ಈ ವಾರಗಳ ಮಿತಿ ಅಡ್ಡಬರುವುದಿಲ್ಲ. ಪ್ರಾಪ್ತವಯಸ್ಕಳಾದ ಸ್ತ್ರೀಯ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕೆಂದು ಕಾಯ್ದೆ ಹೇಳುವುದಿಲ್ಲ. ಆದರೆ ಆ ಕಾರಣಗಳ ಪಟ್ಟಿಯಲ್ಲಿ ‘ಹೆಣ್ಣೆಂಬ ಕಾರಣ’ ಎಲ್ಲಿಯೂ ಇಲ್ಲ. ಅದನ್ನು ತಡೆಯಲೆಂದೇ ೧೯೯೪ರಲ್ಲಿ ಇನ್ನೊಂದು ಕಾಯ್ದೆಯಾಗಿ, ಪ್ರಸವಪೂರ್ವ ಲಿಂಗಪತ್ತೆಯನ್ನು ಅಪರಾಧವೆಂದು ಸಾರಿತು; ೨೦೦೩ರ ತಿದ್ದುಪಡಿಯು ಅದನ್ನು ಮತ್ತೂ ಬಿಗಿಗೊಳಿಸಿತು. ಪತ್ತೆ ಹೇಳುವವನಿಗೂ ಕೇಳುವವನಿಗೂ ಸೆರೆವಾಸವುಂಟು.

ಹೀಗೆ ಎರಡು ಕಾಯ್ದೆಗಳೂ ತಾಯಿಯ ಎರಡು ಕೈಗಳನ್ನು ಹಿಡಿದುಕೊಂಡಿವೆ. ಒಂದು ಆಕೆ ಆಪತ್ತಿನಲ್ಲಿ ಸಾಯದಂತೆ ನೋಡುತ್ತದೆ. ಇನ್ನೊಂದು ಆಕೆಯ ಮಗಳು ಹೆಣ್ಣೆಂಬ ಕಾರಣಕ್ಕೆ ಸಾಯದಂತೆ ನೋಡುತ್ತದೆ. ಮೊದಲನೆಯದನ್ನು ಕಿತ್ತುಹಾಕಿದರೆ ಎರಡನೆಯ ಪಾಪ ನಿಲ್ಲುವುದಿಲ್ಲ. ಆಲೆಮನೆಯಲ್ಲಿ ನಡೆದುದೆನ್ನಲಾದ ಕೃತ್ಯಕ್ಕೆ ಯಾವ ಕಾಯ್ದೆಯ ಅನುಮತಿಯೂ ಇರಲಿಲ್ಲವಷ್ಟೆ! ಕಾಯ್ದೆಯನ್ನು ಮೀರಿ ನಡೆಯುವ ದುಷ್ಕೃತ್ಯವನ್ನು ಇನ್ನೊಂದು ಕಾಯ್ದೆಯಿಂದ ಮಾತ್ರ ತಡೆಯುತ್ತೇವೆಂಬುದು ಭ್ರಮೆ. ಅಷ್ಟೇ ಅಲ್ಲ, ಹೆಣ್ಣುಭ್ರೂಣದ ಹತ್ಯೆಯನ್ನು ತಡೆಯುವ ಉತ್ಸಾಹದಲ್ಲಿ, ಗರ್ಭವಿಳಿದ ಪ್ರತಿಯೊಬ್ಬ ಹೆಣ್ಣುಮಗಳನ್ನೂ ಕಳ್ಳಿಯಂತೆ ನೋಡುವ, ಹೆದರಿದ ವೈದ್ಯರು ನ್ಯಾಯವಾದ ಚಿಕಿತ್ಸೆಯನ್ನೂ ನಿರಾಕರಿಸುವ ಕಾಲ ಬರಕೂಡದು. ಗಾಲ್ವೇ ನಗರದ ಆ ಸಾವು ಮಂಡ್ಯಕ್ಕೂ ಪಾಠವೇ ಸರಿ.

ಎರಡನೆಯ ಪೂರ್ವಪಕ್ಷ: ‘ತಾಯಿಯ ನಿರ್ಣಯ ತಾಯಿಗೆ ಸೇರಿದ್ದೆಂದಾದರೆ, ಹೆಣ್ಣು ಬೇಡವೆಂದು ತಾಯಿಯೇ ಒಪ್ಪಿದಾಗ ನೀವೇಕೆ ಆಕ್ಷೇಪಿಸುತ್ತೀರಿ?’ ಈ ಪ್ರಶ್ನೆಯಲ್ಲಿ ಒಂದು ಮೋಸವಿದೆ. ‘ಮೊದಲನೆಯದಂತೂ ಹೆಣ್ಣಾಯಿತು, ಇದನ್ನಾದರೂ ನೋಡಿಸಿಕೊಂಡು ಬಾ’ ಎಂದು ಅತ್ತೆ ಹೇಳುತ್ತಾಳೆ. ಗಂಡ ಮಾತನಾಡದೆ ಕಾರು ಗೊತ್ತುಮಾಡುತ್ತಾನೆ. ‘ಇದೂ ಹೆಣ್ಣಾದರೆ ತವರಿನಲ್ಲೇ ಇರು’ ಎಂಬ ಮಾತು ಬಾಯಿಂದ ಬಾರದಿದ್ದರೂ ಮನೆಯ ಗಾಳಿಯಲ್ಲಿ ತೇಲುತ್ತಿರುತ್ತದೆ. ಅಂತಹ ಮನೆಯಲ್ಲಿ ಸೊಸೆ ತಲೆಯಾಡಿಸಿದರೆ ಅದನ್ನು ಒಪ್ಪಿಗೆಯೆಂದು ಕರೆಯಬಹುದೆ? ೧೯೯೪ರ ಕಾಯ್ದೆಯನ್ನು ರಚಿಸಿದವರು ಈ ಸತ್ಯವನ್ನು ಬಲ್ಲವರಾಗಿದ್ದರು. ಗರ್ಭಿಣಿಯು ಲಿಂಗಪತ್ತೆ ಮಾಡಿಸಿಕೊಂಡಿದ್ದರೆ, ಬೇರೆ ರೀತಿ ರುಜುವಾತಾಗುವವರೆಗೆ, ಗಂಡನೋ ಬಂಧುಗಳೋ ಆಕೆಯನ್ನು ಬಲವಂತಪಡಿಸಿದರೆಂದೇ ನ್ಯಾಯಾಲಯವು ಭಾವಿಸತಕ್ಕದ್ದೆಂದು ಆ ಕಾಯ್ದೆಯಲ್ಲಿದೆ. ಕಾಯ್ದೆಯು ಸೊಸೆಯ ಕಡೆಗೆ ನೋಡದೆ ನಮ್ಮ ಕಡೆಗೆ, ಮನೆಯ ಹಿರಿಯರ ಕಡೆಗೆ, ಬೆರಳು ತೋರಿಸುತ್ತಿದೆ. ತನ್ನ ಪ್ರಾಣಕ್ಕಾಗಿ ಸವಿತಾ ಕೇಳಿದುದು ಸ್ವಂತದ ಮಾತು. ಗಂಡುಮಗುವಿನ ಆಸೆಗಾಗಿ ಸೊಸೆಯಿಂದ ಹೇಳಿಸಿದುದು ಪರರ ಮಾತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ.

ಮೂರನೆಯ ಪೂರ್ವಪಕ್ಷವೇ ಎಲ್ಲಕ್ಕೂ ಬೇರಾದುದು: ‘ವಂಶಕ್ಕೆ ಗಂಡು ಬೇಡವೆ? ನಾಳೆ ಗತಿ ಕಾಣಿಸುವವರು ಯಾರು?’ ಸಂಸ್ಕೃತದಲ್ಲಿ ‘ಪುತ್ರ’ ಶಬ್ದಕ್ಕೆ ‘ಪುತ್ ಎಂಬ ನರಕದಿಂದ ಪಾರುಮಾಡುವವನು’ ಎಂದು ವ್ಯುತ್ಪತ್ತಿ ಹೇಳುವ ಸಂಪ್ರದಾಯವುಂಟು. ಮಗನಿಟ್ಟ ಪಿಂಡದಿಂದ ಪಿತೃಗಳಿಗೆ ಸದ್ಗತಿಯೆಂದು ನಂಬುವವರಿಗೆ ಆ ಅಂಜಿಕೆ ಇದ್ದರೆ ಅದು ಅವರ ಶಾಸ್ತ್ರಕ್ಕೆ ಸೇರಿದ ಮಾತು. ಲಿಂಗವಂತನಿಗೆ ಆ ಅಂಜಿಕೆ ಎಲ್ಲಿಂದ ಬಂದಿತು? ನಮಗೆ ಪಿಂಡವಿಲ್ಲ, ತರ್ಪಣವಿಲ್ಲ. ನಮ್ಮಲ್ಲಿ ಸತ್ತವರನ್ನು ಪ್ರೇತವೆನ್ನುವುದಿಲ್ಲ, ಲಿಂಗೈಕ್ಯರಾದರೆನ್ನುತ್ತೇವೆ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಸಮಾಧಿ ಮಾಡಿದ ಮೇಲೆ ಆ ಜೀವವನ್ನು ಯಾವ ನರಕದಿಂದ ಯಾವ ಮಗನು ಎತ್ತಬೇಕಾಗಿದೆ? ಗಂಡುಸಂತಾನವಿಲ್ಲದೆ ಗತಿಯಿಲ್ಲವೆನ್ನುವ ಲಿಂಗವಂತನು ತನ್ನ ಕೊರಳಿನ ಲಿಂಗವನ್ನೇ ನಂಬದವನು. ಅವನು ಪರಮತದ ಭಯವನ್ನು ತಂದುಕೊಂಡು, ಸ್ವಮತದ ಅಭಯವನ್ನು ಬಿಟ್ಟುಕೊಟ್ಟಿದ್ದಾನೆ.

ಇನ್ನು ಜಮೀನಿನ ಮಾತು, ವರದಕ್ಷಿಣೆಯ ಮಾತು. ನಿಜ, ಹೆಣ್ಣು ಹೆತ್ತ ಬಡರೈತನ ಎದೆಯ ಭಾರವನ್ನು ಹಗುರವಾಗಿ ಎಣಿಸಲಾಗದು. ಆದರೆ ಆ ಭಾರವನ್ನು ಹೊರಿಸಿದವರು ಯಾರು? ವರದಕ್ಷಿಣೆಯನ್ನು ೧೯೬೧ರಲ್ಲಿಯೇ ಕಾಯ್ದೆಯು ನಿಷೇಧಿಸಿದೆ. ಕಲ್ಯಾಣಮಂಟಪಗಳಲ್ಲಿ ನಾವು ಅದನ್ನು ನಿಷೇಧಿಸಿಲ್ಲ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ತನ್ನ ವ್ಯಾಪ್ತಿಯಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಸೇರಿಸಿಕೊಂಡಿದೆ. ಕರ್ನಾಟಕವು ೧೯೯೪ರಲ್ಲಿಯೂ, ಇಡೀ ದೇಶವು ೨೦೦೫ರಲ್ಲಿಯೂ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲೆಂದು ವಿಧಿಸಿವೆ. ಪಾಲು ಕೊಡಬೇಕಾಗುತ್ತದೆಂಬ ಅಂಜಿಕೆಯಿಂದ ಪಾಲುಗಾರ್ತಿಯನ್ನೇ ಹುಟ್ಟಗೊಡದಿರುವುದು ಯಾವ ನ್ಯಾಯ? ಹೊಲದ ಬದುವಿಗಾಗಿ ಹೊಟ್ಟೆಯ ಕೂಸನ್ನು ಕೊಡುವುದು ಯಾವ ವ್ಯವಸಾಯ?

ಜನಗಣತಿಯ ಲೆಕ್ಕವನ್ನೂ ನೋಡಿರಿ. ಪ್ರಕೃತಿಯಲ್ಲಿ ಗಂಡುಶಿಶುಗಳ ಜನನ ತುಸು ಹೆಚ್ಚೇ. ಆದರೂ ನಮ್ಮ ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ೧೯೬೧ರಲ್ಲಿ ೯೭೬ ಹೆಣ್ಣುಮಕ್ಕಳಿದ್ದರು. ೧೯೯೧ರಲ್ಲಿ ಅದು ೯೪೫ಕ್ಕೆ, ೨೦೦೧ರಲ್ಲಿ ೯೨೭ಕ್ಕೆ ಇಳಿದು, ೨೦೧೧ರಲ್ಲಿ ೯೨೦ಕ್ಕೂ ಕೆಳಗೆ ಹೋಯಿತು. ಕರ್ನಾಟಕದಲ್ಲಿ ೨೦೧೧ರ ಲೆಕ್ಕ ೯೪೮. ‘ನಮ್ಮಲ್ಲಿ ಅಷ್ಟು ಕೆಟ್ಟಿಲ್ಲ’ ಎಂಬ ಸಮಾಧಾನವನ್ನು ೨೦೨೩ರ ಸುದ್ದಿಯು ಮುರಿಯಿತು.

ಹಾಗಾದರೆ ಮಾಡತಕ್ಕದ್ದೇನು? ಪಂಚಾಚಾರಗಳಲ್ಲಿಯೇ ಉತ್ತರವಿದೆ. ಲಿಂಗಾಚಾರವೆಂದರೆ ಇಷ್ಟಲಿಂಗವನ್ನಲ್ಲದೆ ಅನ್ಯವನ್ನು ಅರಸದಿರುವುದು. ಗರ್ಭದಲ್ಲಿ ಗಂಡಿನ ಕುರುಹನ್ನು ಅರಸುವವನು ಅದನ್ನು ಮುರಿದಂತೆಯೇ. ಸದಾಚಾರವೆಂದರೆ ಸತ್ಯಶುದ್ಧವಾದ ಕಾಯಕ. ಪತ್ತೆ ಹೇಳಿ ಗಳಿಸಿದ ಹಣ ವೈದ್ಯನ ಕೈಯಲ್ಲಿದ್ದರೂ ದಲ್ಲಾಳಿಯ ಕೈಯಲ್ಲಿದ್ದರೂ ಅದು ಕಾಯಕದ ಹಣವಲ್ಲ, ಅದರಿಂದ ಮಾಡಿದ ದಾಸೋಹ ಜಂಗಮಕ್ಕೆ ಸಲ್ಲದು. ಶಿವಾಚಾರವೆಂದರೆ ಶಿವಭಕ್ತರಲ್ಲಿ ಮೇಲುಕೀಳೆಣಿಸದಿರುವುದು; ಮಗಳೂ ಶಿವಭಕ್ತೆಯೇ. ಭೃತ್ಯಾಚಾರವೆಂದರೆ ತಾನು ಕಿರಿಯನೆಂದು ಸೇವೆ ಮಾಡುವುದು. ಗರ್ಭಿಣಿಯಾದ ಸೊಸೆಗೆ ಹೊತ್ತಿಗೆ ಸರಿಯಾಗಿ ಊಟ, ಔಷಧ, ವಿಶ್ರಾಂತಿ ಕೊಟ್ಟು, ಆಪತ್ತಿನಲ್ಲಿ ಒಳ್ಳೆಯ ವೈದ್ಯರಲ್ಲಿಗೆ ಕರೆದೊಯ್ಯುವುದೂ ಭೃತ್ಯಾಚಾರವೇ. ಗಣಾಚಾರವೆಂದರೆ ಅಧರ್ಮವನ್ನು ಕಂಡು ಸುಮ್ಮನಿರದಿರುವುದು. ನಮ್ಮ ಊರಿನಲ್ಲಿ ಗುಟ್ಟಾದ ಯಂತ್ರವೊಂದು ಬಂದಿದೆಯೆಂದು ತಿಳಿದೂ ‘ನಮಗೇಕೆ’ ಎಂದು ಮುಖ ತಿರುಗಿಸಿದರೆ ಗಣಾಚಾರಕ್ಕೆ ಎರವಾದಂತೆ. ಆದರೆ ಗಣಾಚಾರದ ಹೆಸರಿನಲ್ಲಿ ಗರ್ಭ ಕಳೆದುಕೊಂಡ ದುಃಖಿತೆಯ ಬಾಗಿಲಿಗೆ ಹೋಗಿ ಪ್ರಶ್ನಿಸುವುದು ಸಲ್ಲದು. ಕೇಳಬೇಕಾದುದು ಯಂತ್ರದ ಒಡೆಯನನ್ನು, ದಲ್ಲಾಳಿಯನ್ನು, ಮತ್ತು ಮೊಟ್ಟಮೊದಲು ನಮ್ಮನ್ನು ನಾವೇ.

ಮನೆಯಲ್ಲಿ ಆಗಬೇಕಾದ ಕೆಲಸವೂ ಒಂದುಂಟು. ಗಂಡು ಹುಟ್ಟಿದರೆ ಊರಿಗೆಲ್ಲ ಸಕ್ಕರೆ ಹಂಚಿ, ಹೆಣ್ಣು ಹುಟ್ಟಿದರೆ ಬಾಗಿಲು ಮುಂದೆಮಾಡಿಕೊಂಡು ಕೂರುವ ಮನೆಗಳಿವೆ. ಕಬ್ಬಿನ ನಾಡಾದ ನಮ್ಮಲ್ಲಿ ಸಕ್ಕರೆಗೆ ಬರವೆ? ಮುಂದಿನ ಹೆಣ್ಣುಕೂಸಿನ ತೊಟ್ಟಿಲ ದಿನ ಸಕ್ಕರೆ ಹಂಚಿರಿ. ಲಿಂಗಧಾರಣೆಯನ್ನು ಬಂಧುಬಾಂಧವರ ಎದುರಿನಲ್ಲಿ, ಸಂಭ್ರಮದಿಂದ ಮಾಡಿಸಿರಿ. ಜನನಸೂತಕ, ರಜಸ್ಸೂತಕಗಳನ್ನೇ ಒಪ್ಪದ ಧರ್ಮದಲ್ಲಿ ಹೆಣ್ಣಿನ ಜನನವು ಸೂತಕದಂತೆ ಆಚರಿಸಲ್ಪಡುವುದು ನಾಚಿಕೆಗೇಡು. ಅಕ್ಕನಾಗಮ್ಮ, ಮಹಾದೇವಿಯಕ್ಕ, ನೀಲಮ್ಮ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ಗೊಗ್ಗವ್ವೆ ಇವರೆಲ್ಲರೂ ಒಬ್ಬ ತಾಯಿಯ ಗರ್ಭದಲ್ಲಿ ಹೆಣ್ಣುಭ್ರೂಣವಾಗಿಯೇ ಇದ್ದವರು. ಇವರಿಲ್ಲದ ಅನುಭವಮಂಟಪವನ್ನು ಒಮ್ಮೆ ಊಹಿಸಿಕೊಳ್ಳಿರಿ.

ಜೀವಪರನಾಗುವುದೆಂದರೆ ಪರದೇಶದ ಪಕ್ಷವೊಂದರ ಬಾವುಟವನ್ನು ಹಿಡಿಯುವುದಲ್ಲ. ಹೊತ್ತ ತಾಯಿ ಆಪತ್ತಿನಲ್ಲಿದ್ದಾಗ ಆಕೆಯ ಮಾತನ್ನು ನಂಬಿ ಕಾಪಾಡುವುದು ಜೀವಪರತೆ. ಆಕೆ ಹೊತ್ತ ಕೂಸು ಹೆಣ್ಣಾದರೂ ಗಂಡಾದರೂ ಶಿವನ ಕೊಡುಗೆಯೆಂದು ಕೈಚಾಚುವುದು ಜೀವಪರತೆ. ಇವೆರಡೂ ಒಂದೇ ದಯೆಯ ಎರಡು ಮುಖಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವನಲ್ಲಿ ಎರಡೂ ಉಳಿಯವು. ಮುಂದೆ ನಿಮ್ಮ ಮನೆಯಲ್ಲಿ ಗರ್ಭ ನಿಂತಿತೆಂಬ ಶುಭವಾರ್ತೆ ಬಂದ ದಿನ ಸ್ಕ್ಯಾನಿಂಗ್ ಮನೆಯ ದಲ್ಲಾಳಿಯನ್ನು ಹುಡುಕಬೇಡಿರಿ, ಗುರುವಿಗೆ ಹೇಳಿಕಳುಹಿಸಿರಿ. ಅವರು ತರುವ ಲಿಂಗಕ್ಕೆ ಹೆಣ್ಣು ಗಂಡೆಂಬ ಪ್ರಶ್ನೆಯಿಲ್ಲ.

ಸರ್ವರಿಗೂ ಸನ್ಮಂಗಳವಾಗಲಿ. ಶರಣು ಶರಣಾರ್ಥಿ.